ಅಪ್ಪನ ಶ್ರುತೀಲಿ ಹಾಡಿ ಹಾಡಿ ನನ್ನ ಶ್ರುತಿ ಯಾವ್ದು ಅಂತಾನೇ ಗೊತ್ತಿಲ್ಲ

ಪ್ರಶ್ನೆ: ಮೇಡಂ, ನನಗೀಗ 32. ಬೆಂಗಳೂರಲ್ಲಿ ಬ್ಯಾಂಕ್ ಕೆಲಸ, ಲೋನ್ ಸೆಕ್ಷನ್. ಗಂಡ, ಆರು ವರ್ಷದ ಮಗಳು ಇದಾರೆ. ತವರು ಧಾರವಾಡ. ಅಪ್ಪ ಹಿಂದೂಸ್ತಾನಿ ಗಾಯಕರು, ಹೆಸರು ಹೇಳಿದ್ರೆ ನಿಮಗೂ ಗೊತ್ತಾಗತ್ತೆ, ಅದಕ್ಕೇ ಹೇಳ್ತಿಲ್ಲ. ಹತ್ತನೇ ವಯಸ್ಸಿಂದ ಮದುವೆ ಆಗೋ ತನಕ ಅಪ್ಪನ ಹಿಂದೆ ತಂಬೂರಿ ಹಿಡ್ಕೊಂಡು ಕೂತು ಸಾಥ್ ಕೊಟ್ಟಿದೀನಿ. ನಮ್ಮನೆ ಹಾಲ್‌ನಲ್ಲಿರೋ ದೊಡ್ಡ ಫೋಟೋದಲ್ಲಿ ನನ್ನ ಅರ್ಧ ಮುಖ ತಂಬೂರಿ ದಂಡಿ ಹಿಂದೆ ಇದೆ. 16ನೇ ವಯಸ್ಸಲ್ಲಿ ಒಂದು ನವರಾತ್ರಿ ಪ್ರೋಗ್ರಾಂ, ಅಪ್ಪ ಬಾಗೇಶ್ರೀ ರಾಗ ಹಾಡ್ತಿದ್ರು, ಅವ್ರು ಉಸಿರು ತಗೊಂಡ ಗ್ಯಾಪಲ್ಲಿ ನಾನೊಂದು ಆಲಾಪ ತಗೊಂಡೆ, ಜನ ವಾಹ್ ವಾಹ್ ಅಂದ್ರು, ಅಪ್ಪ ಹಿಂದೆ ತಿರುಗಿ ಕೂಡ ನೋಡ್ದೆ ಎಡಗೈ ಎತ್ತಿ 'ಸಾಕು' ಅನ್ನೋ ಥರ ತೋರಿಸಿದ್ರು. ಆಮೇಲೆ ಅದರ ಬಗ್ಗೆ ಒಂದು ಮಾತೂ ಇಲ್ಲ. ಎಂಟು ವರ್ಷದ ಹಿಂದೆ ಮದುವೆ ಆಯ್ತು, ಆಮೇಲೆ ಹಾಡೋದೇ ಬಿಟ್ಟೆ. ಅಪ್ಪ ಮದುವೇಲಿ ಕೊಟ್ಟ ಅವ್ರ ಹಳೇ ತಂಬೂರಿ ಬಟ್ಟೆ ಸುತ್ಕೊಂಡು ವಾರ್ಡ್‌ರೋಬ್ ಮೇಲೆ ಮಲಗಿದೆ. ಈಗ ಅಪ್ಪನಿಗೆ 75, ಅಮೃತ ಮಹೋತ್ಸವ ಮಾಡ್ತಿದಾರೆ. ಕಮಿಟಿಯವ್ರು ನಾನು 20 ನಿಮಿಷ ಹಾಡ್ಬೇಕು, ಸ್ಮರಣ ಸಂಚಿಕೆಗೆ 'ನನ್ನ ಅಪ್ಪ' ಅಂತ ಬರ್ಕೊಡ್ಬೇಕು ಅಂತಿದಾರೆ. ಅಪ್ಪ ಬೇಸಿಗೆ ರಜೇಲಿ ನನ್ನ ಮಗಳಿಗೆ ಪಾಠ ಶುರು ಮಾಡ್ತೀನಿ ಅಂತಿದಾರೆ. ಯಾರಾದ್ರೂ ಅಪ್ಪನ್ನ ಹೊಗಳಿದ್ರೆ ನನಗೆ ಒಳಗೆ ಉರಿಯತ್ತೆ, ಆಮೇಲೆ ನಾಚಿಕೆ ಆಗತ್ತೆ. ನಿದ್ದೆ ಸರಿಯಿಲ್ಲ. ಅಪ್ಪ ಹೊಡೆದವ್ರಲ್ಲ, ಕುಡಿದವ್ರಲ್ಲ, ನನಗೇನೂ ಕಮ್ಮಿ ಮಾಡಿಲ್ಲ. ನಾನು ಕೃತಘ್ನಳಾ?

ಉತ್ತರ: ಕೊನೇ ಪ್ರಶ್ನೆಗೆ ಮೊದ್ಲು ಹೇಳಿಬಿಡ್ತೀನಿ, ಅಲ್ಲ. ಮಿಕ್ಕಿದ್ದು ಅಷ್ಟು ಬೇಗ ಮುಗಿಯಲ್ಲ, ಒಂದು ಲೋಟ ಕಾಫಿ ಇಟ್ಕೊಂಡು ಓದಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಕೊನೇ ಸಾಲಿನ ಹತ್ರ, 'ಹೊಡೆದವ್ರಲ್ಲ, ಕುಡಿದವ್ರಲ್ಲ' ಅಂತೀರಲ್ಲ ಅಲ್ಲಿ. 22 ವರ್ಷದಿಂದ ಕೌನ್ಸೆಲಿಂಗ್ ಮಾಡ್ತಿದೀನಿ, ಕುಡುಕ ಅಪ್ಪಂದಿರ ಮಕ್ಕಳು ಎಷ್ಟೋ ಜನ ಬಂದಿದಾರೆ, ಅವ್ರ ನೋವು ದೊಡ್ಡದೇ, ಆದ್ರೆ ಅವ್ರಿಗೆ ಒಂದು ಅನುಕೂಲ ಇದೆ, ಊರು ಅವ್ರ ಪರ ಇರತ್ತೆ, ಪಕ್ಕದ್ಮನೆಯವ್ರು ಕರೆದು ಎರಡು ದೋಸೆ ಹಾಕ್ಕೊಟ್ಟು 'ಪಾಪ' ಅಂತಾರೆ. ನಿಮಗೆ ಪಾಪ ಅನ್ನೋಕೆ ಯಾರಿದ್ರು ಹೇಳಿ? ಧಾರವಾಡದಲ್ಲಿ ನೀವು ಬಾಯಿ ಬಿಟ್ರೆ ಸಾಕು, 'ಏನ್ ಪುಣ್ಯಾ ಮಾಡೀ ತಂಗಿ, ಅಂಥಾರ ಹೊಟ್ಟ್ಯಾಗ ಹುಟ್ಟಾಕ' ಅಂತಾರೆ, ಅಲ್ಲಿಗೆ ಮಾತು ಬಂದ್. ಯಾರ ಹತ್ರ ದೂರು ಹೇಳ್ಕೊಳ್ಳೋಕೆ ಹೋದ್ರೂ ಅವ್ರು ಆಗಲೇ ನಿಮ್ಮಪ್ಪನ ಅಭಿಮಾನಿ ಆಗಿರ್ತಾರೆ. ದೊಡ್ಡ ಕಲಾವಿದರ ಮಕ್ಕಳನ್ನ ಎಷ್ಟೋ ಜನರನ್ನ ನೋಡಿದೀನಿ, ಬಹಳ ಜನಕ್ಕೆ ಇದೇ ತಾಪತ್ರಯ. ಅಪ್ಪ ದೊಡ್ಡವ್ರು ಅನ್ನೋದಕ್ಕಿಂತ, ಅಪ್ಪನ ಮೇಲೆ ಎಲ್ಲಾ ಮಕ್ಕಳಿಗೂ ಇರೋ ಸಣ್ಣಪುಟ್ಟ ಸಿಟ್ಟನ್ನ ಇಳಿಸೋಕೆ ಇವ್ರಿಗೆ ಒಂದು ಜಗಲಿ ಇಲ್ಲ, ಅದು ಒಳಗೇ ಕೂತು ಹುಳಿ ಬರತ್ತೆ, ಅಷ್ಟೇ ನೀವು ಹೇಳೋ ಉರಿ.

ಸಣ್ಣ ಪ್ರಮಾಣದಲ್ಲಿ ನಾನೂ ಇದನ್ನ ಉಂಡವಳೇ. ನಮ್ಮೂರು ಮೂಡಿಗೆರೆ ಕಡೆ, ನಮ್ಮಪ್ಪ ಹೈಸ್ಕೂಲ್ ಹೆಡ್‌ಮಾಸ್ಟ್ರು, ಕಲಾವಿದರೂ ಅಲ್ಲ ಏನೂ ಅಲ್ಲ, ಆದ್ರೆ ಆ ಊರಿಗೆ ಅವ್ರೇ ದೊಡ್ಡವ್ರು. ಗಣಿತದಲ್ಲಿ ನಂಗೆ 41 ಬಂದಾಗ ಅಪ್ಪ ಏನೂ ಅನ್ಲಿಲ್ಲ, ಬಸ್ ಕಂಡಕ್ಟರ್ ಬೈದ. ನಿಮ್ಮ ವಿಷ್ಯದಲ್ಲಿ ಆ ಕಂಡಕ್ಟರ್ ಜಾಗದಲ್ಲಿ ಇಡೀ ಉತ್ತರ ಕರ್ನಾಟಕ, ಪುಣೆ, ಮುಂಬೈ ಎಲ್ಲಾ ಸೇರ್ಕೊಂಡಿದೆ.

ಇನ್ನೊಂದು ವಿಷ್ಯ ನೀವು ಬರೆದಿಲ್ಲ ಆದ್ರೆ ಇದ್ದೇ ಇರತ್ತೆ ಅಂತ ನನ್ನ ಅಂದಾಜು. ಯಕ್ಷಗಾನ ಮೇಳದ ಕಲಾವಿದರ ಮಗ ಒಬ್ಬ ಬಹಳ ಹಿಂದೆ ನನ್ನ ಹತ್ರ ಹೇಳಿದ್ದ, ತಿರುಗಾಟ ನವೆಂಬರಲ್ಲಿ ಶುರುವಾದ್ರೆ ಮೇ ತನಕ ಅಪ್ಪ ಅಂದ್ರೆ ಹಗಲು ಹೊತ್ತು ಮಲಗಿರೋ ಒಬ್ಬ ಮನುಷ್ಯ, ಕಿವಿ ಹಿಂದೆ ಪೂರ್ತಿ ಹೋಗದ ಬಣ್ಣ, ಎಣ್ಣೆ ವಾಸನೆ, ಅಮ್ಮ ಬಾಗಿಲಲ್ಲಿ ನಿಂತು ಬಾಯ ಮೇಲೆ ಬೆರಳಿಟ್ಟು 'ಶ್' ಅನ್ನೋದು. ಸಂಗೀತದ ಮನೇಲಿ ಆ 'ಶ್' ಬೇರೆ ರೂಪದಲ್ಲಿ ಇರತ್ತೆ, ರಿಯಾಜ್ ಟೈಮು, ಶಿಷ್ಯರ ಪಾಠದ ಟೈಮು, ಮುಂಬೈಯಿಂದ ಯಾರೋ ಬಂದಿದಾರೆ ಅವ್ರು ಹೋಗೋ ತನಕ. ಶಿಷ್ಯರು ಮನೇಲೇ ಉಳ್ಕೊಂಡಿದ್ರೆ ಅವ್ರಿಗೂ ಅಪ್ಪನಲ್ಲಿ ಪಾಲು, ಅವ್ರಿಗೆ ತಾಳ್ಮೆಯಿಂದ ಹತ್ತು ಸಲ ಹೇಳ್ಕೊಟ್ಟಿದ್ದನ್ನ ಮಗಳಿಗೆ ಎರಡನೇ ಸಲಕ್ಕೇ ಗದರೋದು. ನಾಲ್ಕು ಜನರ ಎದುರು ಅಪ್ಪ ಅನ್ನೋ ಹಾಗಿಲ್ಲ, ಗುರುಗಳು ಅನ್ಬೇಕು. ಪ್ರೋಗ್ರಾಂ ಮುಗಿಸಿ ಕಾರಲ್ಲಿ ವಾಪಸ್ ಬರೋವಾಗ ಅವ್ರು 'ಹೆಂಗಾತು?' ಅಂತ ಕೇಳ್ತಾರೆ, ನಿದ್ದೆ ಎಳೀತಿದ್ರೂ ನೀವು 'ಭಾಳ ಛಲೋ ಆತು' ಅನ್ಬೇಕು. ಹೆಂಗಿದ್ದೀ, ಊಟ ಆಯ್ತಾ ಅಂತ ಯಾರು ಯಾರನ್ನ ಕೇಳ್ಬೇಕಿತ್ತು ಅನ್ನೋದೇ ಅಲ್ಲಿ ತಿರುಗುಮುರುಗು ಆಗಿರತ್ತೆ.

ಈಗ ಆ ಎಡಗೈ ವಿಷ್ಯಕ್ಕೆ ಬರ್ತೀನಿ. 16 ವರ್ಷದಿಂದ ಆ ಕೈ ನಿಮ್ಮ ಕಣ್ಮುಂದೆ ಎತ್ತಿದ್ದು ಇಳಿದೇ ಇಲ್ಲ. ಅದಕ್ಕೆ ನೀವು ಕೊಟ್ಟಿರೋ ಅರ್ಥ ಒಂದೇ, 'ನನಗಿಂತ ಮುಂದೆ ಬರ್ಬೇಡ'. ಇರ್ಬಹುದು. ಅಪ್ಪಂದಿರಿಗೂ ಹೊಟ್ಟೆಕಿಚ್ಚು ಆಗತ್ತೆ, ಅದ್ರಲ್ಲೂ ವೇದಿಕೆ ಮೇಲೆ, ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ಟೈಮ್ ಆಯ್ತು ಅಂತ ಆಯೋಜಕರು ಚೀಟಿ ಕಳ್ಸಿರ್ಬಹುದು, ನೀವು ತಗೊಂಡ ಜಾಗದಲ್ಲಿ ಅವ್ರು ಏನೋ ಕಟ್ತಾ ಇದ್ದಿರ್ಬಹುದು, ಅಥವಾ ಆ ಕೈ ತಬಲಾದವ್ರಿಗೆ ತೋರಿಸಿದ್ದೂ ಇರ್ಬಹುದು. ಹಿಂದೆ ಕೂತವ್ರಿಗೆ ಮುಂದಿರೋವ್ರ ಮುಖ ಕಾಣಲ್ಲ, ಬೆನ್ನು ಮಾತ್ರ ಕಾಣತ್ತೆ. 14 ವರ್ಷ ಬರೀ ಬೆನ್ನು ಓದಿ ಓದಿ ಅರ್ಥ ಮಾಡ್ಕೊಂಡ ಹುಡುಗಿ ನೀವು, ಬೆನ್ನು ಸುಳ್ಳು ಹೇಳಲ್ಲ ನಿಜ, ಆದ್ರೆ ಪೂರ್ತಿಯಾಗೂ ಹೇಳಲ್ಲ.

ಹಾಗಾಗಿ ಕೇಳಿ ಅವ್ರನ್ನ. 'ಯಾಕೆ ಕೈ ತೋರಿಸಿದ್ರಿ' ಅಂತ ಕೇಳ್ಬೇಡಿ, ಅದು ಕೋರ್ಟ್ ಪ್ರಶ್ನೆ, ಅದಕ್ಕೆ ವಕೀಲರ ಥರದ ಉತ್ತರ ಬರತ್ತೆ. 'ಆವತ್ತು ಬಾಗೇಶ್ರೀಯೊಳಗ ನಾ ತಗೊಂಡಿದ್ದು ಹೆಂಗಿತ್ತು ಅಪ್ಪಾ' ಅಂತ ಕೇಳಿ. ಮತ್ತೆ ಒಂದಕ್ಕೆ ಗಟ್ಟಿಯಾಗಿ ತಯಾರಾಗಿರಿ, ಬಹುಶಃ ಅವ್ರಿಗೆ ಆ ರಾತ್ರಿ ನೆನಪೇ ಇರಲ್ಲ. ಇದು ಬೈಗುಳಕ್ಕಿಂತ ಜಾಸ್ತಿ ನೋಯತ್ತೆ, ನಾನು ನೋಡಿದೀನಿ, ಜೀವಮಾನ ಹೊತ್ತ ಮೂಟೆ ಇಳಿಸೋಕೆ ಹೋದ್ರೆ ಕಳ್ಸಿದವ್ರೇ 'ಇದು ನಂದಲ್ಲ' ಅಂದ ಹಾಗೆ ಆಗತ್ತೆ. ಆಗ ಎದ್ದು ಹೋಗ್ಬೇಡಿ, 'ನಂಗ ನೆನಪದ, ಹೇಳ್ತೀನಿ ಕೇಳ್ರಿ' ಅಂತ ಆ ಆಲಾಪದ ಕತೆ ಅವ್ರಿಗೆ ಹೇಳಿ. ಅವ್ರ ಎದುರು ಕೂತು ನಿಮ್ಮ ಕಡೆಯ ಕತೆ ಹೇಳೋದು ಇದೇ ಮೊದಲ ಸಲ ಆಗಿರತ್ತೆ, ಅವ್ರು ಏನ್ ಉತ್ತರ ಕೊಟ್ರು ಅನ್ನೋದು ಆಮೇಲಿಂದು.

ಇನ್ನು ಶ್ರುತಿ, ಅಂದ್ರೆ ಹಾಡೋವ್ರು ತಮ್ಮ ಸಾ ಇಟ್ಕೊಳ್ಳೋ ಎತ್ತರ, ಅದರ ಬಗ್ಗೆ. ನಾನು ಸಂಗೀತದವಳಲ್ಲ, ನಿಮ್ಮ ಪತ್ರ ಓದಿದ್ಮೇಲೆ ನನ್ನ ಓರಗಿತ್ತಿಗೆ ಫೋನ್ ಮಾಡ್ದೆ, ಅವ್ರು ಹಿಂದೂಸ್ತಾನಿ ಟೀಚರ್. ಗಂಡಸು ಹಾಡ್ತಿರೋವಾಗ ಹಿಂದೆ ಹೆಣ್ಣುಮಗಳು ಸಾಥ್ ಕೊಟ್ರೆ ಏನಾಗತ್ತೆ ಅಂತ ಕೇಳಿದ್ದಕ್ಕೆ ಅವ್ರು ನಕ್ಕು ಹೇಳಿದ್ರು, ಗಂಡಸರು ಸುಮಾರಾಗಿ ಹಾರ್ಮೋನಿಯಂ ಮನೆಗಳಲ್ಲಿ ಕಪ್ಪು ಒಂದು, ಬಿಳಿ ಎರಡರ ಹತ್ರ ಹಾಡ್ತಾರೆ, ಹೆಂಗಸರ ಗಂಟಲು ಕಪ್ಪು ಮೂರು, ನಾಲ್ಕರ ಹತ್ರ ಸಲೀಸಾಗಿ ಕೂರತ್ತೆ, ಅಪ್ಪನ ಶ್ರುತೀಲಿ ಅಪ್ಪನ ಸಪ್ತಕದಲ್ಲೇ ಹಾಡಿದ್ರೆ ಮಗಳಿಗೆ ಪಾತಾಳ, ಒಂದು ಸಪ್ತಕ, ಅಂದ್ರೆ ಏಳು ಸ್ವರ ಮೇಲೆ ಹಾಡಿದ್ರೆ ಎತ್ತರದ ಸ್ವರಗಳಲ್ಲಿ ಗಂಟಲು ಹಿಡಿಯತ್ತೆ, ಎರಡರ ಮಧ್ಯೆ ಎಲ್ಲೋ ಅಡ್ಜಸ್ಟ್ ಮಾಡ್ಕೊಂಡು ಹೋಗೋದೇ ಅಭ್ಯಾಸ ಆಗಿಬಿಡತ್ತೆ ಅಂತ. 'ಆ ಹುಡುಗಿ ಒಬ್ಬಳೇ ಕೂತು ಹಾಡೋವಾಗ ಯಾವ ಶ್ರುತಿ ಇಟ್ಕೋತಾಳೆ ಕೇಳು' ಅಂದ್ರು. ನಾನು ನಿಮಗೆ ಮೇಲ್ ಮಾಡಿ ಕೇಳ್ದೆ, ನೀವು ಒಂದೇ ಸಾಲು ಬರೆದ್ರಿ, 'ಒಬ್ಬಳೇ ಕೂತು ಹಾಡೇ ಇಲ್ಲ ಮೇಡಂ'. ಇದನ್ನ ಓದಿ ನಾನು ಸ್ವಲ್ಪ ಹೊತ್ತು ಮೊಬೈಲ್ ಪಕ್ಕಕ್ಕಿಟ್ಟೆ.

ನಮ್ಮ ಫೀಲ್ಡ್‌ನಲ್ಲಿ ಇದಕ್ಕೆ ಒಂದು ಹೆಸರಿದೆ, ನೀವು ದಿನಾ ಬಳಸೋ ಪದಾನೇ, ಫೋರ್‌ಕ್ಲೋಶರ್. ಜೇಮ್ಸ್ ಮಾರ್ಸಿಯಾ ಅನ್ನೋ ಮನಶ್ಶಾಸ್ತ್ರಜ್ಞರು 1966ರಲ್ಲಿ ಹದಿಹರೆಯದವ್ರು 'ನಾನು ಯಾರು' ಅನ್ನೋದನ್ನ ಹೇಗೆ ಕಂಡ್ಕೋತಾರೆ ಅಂತ ನಾಲ್ಕು ಸ್ಥಿತಿಗಳನ್ನ ಗುರುತಿಸಿದ್ರು, ಅದರಲ್ಲಿ ಇದೊಂದು, ಹುಡುಕೋಕೆ ಶುರು ಮಾಡೋ ಮೊದ್ಲೇ ದೊಡ್ಡವ್ರು ಉತ್ತರ ಕೈಗಿಟ್ಟಿರ್ತಾರೆ, ಮಗು ಅದನ್ನೇ ತನ್ನದು ಅಂದ್ಕೊಂಡು ಖಾತೆ ಮುಚ್ಚಿಬಿಡತ್ತೆ. ನಿಮ್ಮ ಸೆಕ್ಷನ್ನಲ್ಲಿ ಅವಧಿಗೆ ಮೊದ್ಲೇ ಲೋನ್ ತೀರಿಸಿದವ್ರಿಗೆ ಖುಷಿ ಆಗತ್ತೆ, ಮನುಷ್ಯರ ವಿಷ್ಯದಲ್ಲಿ ಮಾತ್ರ ತೀರಿಲ್ಲದ ಸಾಲ ಮೂವತ್ತು ದಾಟಿದ್ಮೇಲೆ ಬಾಗಿಲು ಬಡಿಯತ್ತೆ. ನೀವು 'ಹಾಡ್ಬೇಕಾ ಬೇಡ್ವಾ' ಅಂತ ಕೇಳ್ತಿದೀರ, ಹತ್ತನೇ ವಯಸ್ಸಲ್ಲಿ ನಿಮ್ಮನ್ನ ಯಾರಾದ್ರೂ ಇದನ್ನ ಕೇಳಿದ್ರಾ? ಇಲ್ಲ. ಆಗ ಹಾಡು ಅಂದ್ರು ಹಾಡಿದ್ರಿ, ಮದುವೆ ಆದ್ಮೇಲೆ ಬಿಟ್ಟಿದ್ದೂ ಅಪ್ಪನಿಗೆ ಉತ್ತರವಾಗಿ ಬಿಟ್ಟಿದ್ದೇ ಹೊರತು ನೀವಾಗೇ ಯೋಚ್ನೆ ಮಾಡಿ ಬಿಟ್ಟಿದ್ದಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅಪ್ಪನ ಮೇಲಿನ ಸಿಟ್ಟಿಗೆ ಎಂಟು ವರ್ಷದಿಂದ ಏಟು ತಿಂತಾ ಇರೋದು ವಾರ್ಡ್‌ರೋಬ್ ಮೇಲಿರೋ ಆ ಬಡಪಾಯಿ ತಂಬೂರಿ.

ನಿಮ್ಮ ಊರಿನ ಕಡೆಯವ್ರನ್ನೇ ನೋಡಿ. ಗಂಗೂಬಾಯಿ ಹಾನಗಲ್ ಅವ್ರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೇ ಗಾಯಕಿ, ಮಗಳು ಹಿಂದೂಸ್ತಾನಿ ಕಲಿಯೋಕೆ ಶುರು ಮಾಡಿದಾಗ ತನ್ನ ಹಾಡಿನ ನೆರಳು ಮಗಳ ಗಾಯನದ ಮೇಲೆ ಬೀಳ್ಬಾರ್ದು ಅಂತ ತಾನು ಹಾಡೋದನ್ನೇ ನಿಲ್ಲಿಸಿದ್ರು. ಇದನ್ನ ಎಲ್ಲರೂ ತ್ಯಾಗ ಅಂತ ಕೈ ಮುಗಿದು ಹೇಳ್ತಾರೆ, ನಂಗೆ ಈ ತ್ಯಾಗದ ಕತೆಗಳು ಪೂರ್ತಿ ಇಷ್ಟ ಆಗಲ್ಲ, ಒಬ್ಬರು ಹಾಡ್ಬೇಕಾದ್ರೆ ಇನ್ನೊಬ್ಬರು ಬಾಯಿ ಮುಚ್ಚಲೇಬೇಕಾ? ಆದ್ರೆ ನನ್ನ ದನಿ ಮಗುವಿನ ದನಿ ಮೇಲೆ ಬೀಳತ್ತೆ ಅನ್ನೋ ಎಚ್ಚರ ಆ ತಾಯಿಗೆ ಇತ್ತಲ್ಲ, 1920ರ ದಶಕದ ಧಾರವಾಡ, ಹುಬ್ಬಳ್ಳಿ ಕಡೆ, ಯಾವ ಸೈಕಾಲಜಿ ಪುಸ್ತಕಾನೂ ಓದದೆ, ಅದಕ್ಕೆ ನಾನು ನಮಸ್ಕಾರ ಮಾಡ್ತೀನಿ. ಮುಂದಿನ ತಲೆಮಾರಲ್ಲಿ ಅದೇ ಗಂಗೂಬಾಯಿಯವ್ರ ಹಿಂದೆ ಮಗಳು ಕೃಷ್ಣಾ ದಶಕಗಟ್ಟಲೆ ಕೂತು ಹಾಡಿದ್ರು, ನಿಮ್ಮ ಹಾಗೇ. ಕೃಷ್ಣಾ 2004ರಲ್ಲಿ ಹೋಗ್ಬಿಟ್ರು, ತಾಯಿ 2009ರಲ್ಲಿ. ಅಂದ್ರೆ ತಾಯಿ ಇಲ್ಲದ ಕಾಲವನ್ನ ಮಗಳು ನೋಡ್ಲೇ ಇಲ್ಲ. ಅದು ಅವ್ರಿಗೆ ಸುಖವೇ ಆಗಿತ್ತೇನೋ, ಅಮ್ಮನ ಜೊತೆ ಹಾಡೋದೇ ತನ್ನ ಹಾಡು ಅಂತ ಒಪ್ಪಿ ಕೂತಿದ್ರೇನೋ, ಹೊರಗಿನವ್ರು ನಾವ್ಯಾರು ಹೇಳೋಕೆ. ಹಿಂದೆ ಕೂರೋದೇ ತಪ್ಪು ಅಂತ ನಾನು ಹೇಳ್ತಿಲ್ಲ ಅಂತ ನಿಮಗೆ ಗೊತ್ತಾಗ್ಲಿ ಅಂತ ಇದನ್ನ ಬರೆದೆ.

ಮಲ್ಲಿಕಾರ್ಜುನ ಮನ್ಸೂರರ ಮಗ ರಾಜಶೇಖರ ಮನ್ಸೂರರದ್ದು ಇನ್ನೊಂದು ಥರ. ಅವ್ರೂ ಅಪ್ಪನ ಹಿಂದೆ ವರ್ಷಾನುಗಟ್ಟಲೆ ಕೂತವ್ರೇ, ಆದ್ರೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡ್ತಿದ್ರು. ನಂಗೆ ಈ ಇಂಗ್ಲಿಷ್ ಪಾಠ ಅನ್ನೋದು ತುಂಬಾ ಮುಖ್ಯ ಅನ್ಸತ್ತೆ, ಆ ಕ್ಲಾಸ್‌ರೂಮಲ್ಲಿ ಅಪ್ಪನ ಹೆಸರಿಂದ ಒಂದು ಸಾಲೂ ನಡೆಯಲ್ಲ, ಅಲ್ಲಿ ನೀನು ಒಳ್ಳೇ ಮೇಷ್ಟ್ರಾ ಅಲ್ವಾ ಅಷ್ಟೇ ಲೆಕ್ಕ. ಅಪ್ಪ 1992ರಲ್ಲಿ ತೀರ್ಕೊಂಡ್ಮೇಲೂ ಅವ್ರು ಹಾಡ್ತಾ ಹೋದ್ರು, ಅಪ್ಪನ ಆತ್ಮಕತೆ 'ನನ್ನ ರಸಯಾತ್ರೆ'ಯನ್ನ ತಾವೇ ಇಂಗ್ಲಿಷಿಗೆ ಮಾಡಿದ್ರು, ಎಪ್ಪತ್ತರ ಹತ್ರ ಬಂದಾಗ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಬಂತು. ಅಂದ ಹಾಗೆ ಹಿರಿಯ ಮನ್ಸೂರರಿಗೆ ಜೈಪುರ ಘರಾಣೆ ಅನ್ನೋ ಗುರುಪರಂಪರೆಯ ಹಾಡೋ ಶೈಲಿ ಸಿಕ್ಕಿದ್ದೂ ಒಬ್ಬ ದೊಡ್ಡ ಮನುಷ್ಯನ ಮಕ್ಕಳಿಂದಲೇ, ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಆಮೇಲೆ ಭುರ್ಜಿ ಖಾನ್. ಇವತ್ತು ಸಾಮಾನ್ಯ ಕೇಳುಗರಿಗೆ ಅಪ್ಪನ ಹೆಸರು ಗೊತ್ತು, ಮನ್ಸೂರರ ಹೆಸರು ಗೊತ್ತು, ಮಧ್ಯದ ಆ ಇಬ್ಬರನ್ನ ಕೇಳಿದ್ರೆ ತಲೆ ಕೆರ್ಕೋತಾರೆ. ನೀವು ಬ್ಯಾಂಕ್ ಕೆಲ್ಸದ ಬಗ್ಗೆ ಸ್ವಲ್ಪ ತಾತ್ಸಾರವಾಗಿ ಬರೆದಿದೀರ ಅನ್ಸ್ತು, ಹಾಗೆ ಮಾಡ್ಬೇಡಿ, ನಿಮ್ಮ ಅಪ್ಪ ಯಾರು ಅಂತ ಗೊತ್ತಿಲ್ದೆ ನಿಮ್ಮನ್ನ 'ಮೇಡಂ ನನ್ನ ಫೈಲ್ ಏನಾಯ್ತು' ಅಂತ ಕೇಳೋ ಜನ ಬರೋ ಜಾಗ ಅದೊಂದೇ.

ದೊಡ್ಡ ಮರದ ಕೆಳಗೆ ಏನೂ ಬೆಳೆಯಲ್ಲ ಅನ್ನೋ ಮಾತನ್ನ ನಿಮಗೆ ಯಾರಾದ್ರೂ ಹೇಳೇ ಇರ್ತಾರೆ, ಹೇಳಿದವ್ರು ಕಾಫಿ ತೋಟ ನೋಡಿಲ್ಲ ಅಂತ ಅರ್ಥ. ನಮ್ಮಲ್ಲಿ ಕಾಫಿ ಬೆಳೆಸೋದೇ ಮರದ ನೆರಳಲ್ಲಿ. ಆದ್ರೆ ಮಳೆಗಾಲದ ಹೊತ್ತಿಗೆ ನಮ್ಮ ಕಡೆ ಮರಗಸಿ ಅಂತ ಮಾಡಿಸ್ತಾರೆ, ಆಳುಗಳು ಕತ್ತಿ ಹಿಡ್ಕೊಂಡು ಮರ ಹತ್ತಿ ಎಲ್ಲಿ ನೆರಳು ಜಾಸ್ತಿ ಆಗಿದೆಯೋ ಅಲ್ಲಿ ಕೊಂಬೆ ತೆಗೀತಾರೆ, ಅದು ಎಲ್ಲರಿಗೂ ಬರೋ ಕೆಲ್ಸ ಅಲ್ಲ. ಮೂಡಿಗೆರೆಗೆ ಬಂದು ಕಾಫಿ ತೋಟ ಮಾಡಿದ ತೇಜಸ್ವಿಯವ್ರನ್ನೇ ನೋಡಿ, ಕುವೆಂಪು ಅಂಥ ಅಪ್ಪ, ಮೈಸೂರು ಬಿಟ್ಟು ಇಷ್ಟು ದೂರ ಬಂದು ಹಕ್ಕಿ, ಮೀನು, ಕ್ಯಾಮರಾ ಅಂತ ಇದ್ರು, ಬರೆದ್ರು ಕೂಡ, ಆದ್ರೆ ಅಪ್ಪನ ಥರ ಅಲ್ಲ, ತಮ್ಮದೇ ಥರ. ಆಮೇಲೆ ಅಪ್ಪನ ಬಗ್ಗೆ ಬರೆದಾಗ ಪುಸ್ತಕಕ್ಕೆ ಇಟ್ಟ ಹೆಸರು 'ಅಣ್ಣನ ನೆನಪು', ಮನೇಲಿ ಅಪ್ಪನ್ನ ಕರೀತಿದ್ದಿದ್ದೇ ಅಣ್ಣ ಅಂತ. ಊರಿಗೆಲ್ಲ ರಾಷ್ಟ್ರಕವಿ, ನನಗೆ ಅಣ್ಣ ಅಂತ ಅಟ್ಟದಿಂದ ಕೆಳಗಿಳಿಸಿ ಪಕ್ಕದಲ್ಲಿ ಕೂರಿಸ್ಕೊಂಡ ಹಾಗಿದೆ ಆ ಹೆಸರು. ಶಿವರಾಮ ಕಾರಂತರ ಮಕ್ಕಳನ್ನ ನೋಡಿ, ಉಲ್ಲಾಸ ಕಾರಂತರು ಇಂಜಿನಿಯರಿಂಗ್ ಓದಿ ಹುಲಿಗಳ ಹಿಂದೆ ಹೋದ್ರು, ಮಾಳವಿಕಾ ಕಪೂರ್ ನಿಮ್ಹಾನ್ಸ್‌ನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಆಗಿದ್ರು, ಅಂದ್ರೆ ನಮ್ಮ ಫೀಲ್ಡಿನ ಹಿರಿಯರು.

ಎಲ್ಲರಿಗೂ ಹೀಗೆ ಆಗತ್ತೆ ಅಂತಲ್ಲ. ರವೀಂದ್ರನಾಥ ಟ್ಯಾಗೋರರ ಮಗ ರಥೀಂದ್ರನಾಥ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೃಷಿ ಓದ್ಕೊಂಡು ಬಂದ್ರು, ಆದ್ರೆ ಬದುಕಿನ ಬಹುಪಾಲು ಅಪ್ಪನ ಸಂಸ್ಥೆ ನೋಡ್ಕೊಳ್ಳೋದ್ರಲ್ಲೇ ಹೋಯ್ತು, 1951ರಲ್ಲಿ ವಿಶ್ವಭಾರತಿಯ ಮೊದಲ ಉಪಕುಲಪತಿ ಆಗಿ ಎರಡು ವರ್ಷಕ್ಕೆ ಬಿಟ್ಟು ಡೆಹ್ರಾಡೂನ್‌ಗೆ ಹೋಗಿ ನೆಲೆಸಿದ್ರು. ಮರಗೆಲಸದಲ್ಲಿ ಅವ್ರದ್ದು ಬಲು ಒಳ್ಳೇ ಕೈ. ತೀರ್ಕೊಂಡಿದ್ದು 1961ರಲ್ಲಿ, ದೇಶ ಎಲ್ಲಾ ಅಪ್ಪನ ನೂರನೇ ವರ್ಷ ಆಚರಿಸ್ತಿತ್ತು.

ನಮ್ಮ ಫೀಲ್ಡಿನವ್ರ ಕತೆ ಒಂದು ಹೇಳ್ಲೇಬೇಕು. 'ಐಡೆಂಟಿಟಿ ಕ್ರೈಸಿಸ್' ಅಂತ ಈಗ ಕಾಲೇಜು ಹುಡುಗ್ರೂ ಹೇಳ್ತಾರಲ್ಲ, ಆ ಪದ ಚಾಲ್ತಿಗೆ ತಂದವ್ರು ಎರಿಕ್ ಎರಿಕ್ಸನ್, ಮಕ್ಕಳ ಬೆಳವಣಿಗೆ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಮನುಷ್ಯ. ಅವ್ರ ಮಗಳು ಸೂ ಎರಿಕ್ಸನ್ ಬ್ಲೋಲ್ಯಾಂಡ್ 2005ರಲ್ಲಿ ಒಂದು ಪುಸ್ತಕ ಬರೆದ್ರು, ಹೆಸರೇ 'ಇನ್ ದಿ ಶ್ಯಾಡೋ ಆಫ್ ಫೇಮ್'. ಡೌನ್ ಸಿಂಡ್ರೋಮ್ ಇದ್ದ ತಮ್ಮನನ್ನ ಹುಟ್ಟಿದ ಕೂಡ್ಲೇ ಸಂಸ್ಥೆಗೆ ಸೇರಿಸಿ, ಮನೇಲಿದ್ದ ಮಕ್ಕಳಿಗೆ ಮಗು ಹೋಯ್ತು ಅಂತ ಹೇಳಿದ್ರು ಅಂತ ಬರೀತಾರೆ. ಜನ ಅಪ್ಪನ್ನ ಸುತ್ಕೊಂಡು ಆರಾಧನೆ ಮಾಡ್ತಿರೋವಾಗ ಮನೇಲಿ ಅದೇ ಅಪ್ಪ ತನ್ನ ಮೇಲೇ ನಂಬಿಕೆ ಇಲ್ದೆ ಒದ್ದಾಡ್ತಿದ್ರು, ಎಷ್ಟು ಹೊಗಳಿಕೆ ಸಿಕ್ರೂ ಆ ಹಳ್ಳ ತುಂಬಲಿಲ್ಲ ಅನ್ನೋದು ಅವ್ರ ಮಾತಿನ ಸಾರ. ಎರಿಕ್ಸನ್ನರಿಗೆ ತಮ್ಮ ಹೆತ್ತ ಅಪ್ಪ ಯಾರು ಅಂತಾನೇ ಗೊತ್ತಿರ್ಲಿಲ್ಲ, ಎರಿಕ್ಸನ್ ಅನ್ನೋ ಸರ್‌ನೇಮೂ ಅವ್ರೇ ಇಟ್ಕೊಂಡಿದ್ದು. ನಾನು ಈ ಪುಸ್ತಕ ಓದಿದ್ದು ತಡವಾಗಿ, ಓದಿ ಅಪ್ಪನ ಮೇಲಿದ್ದ ನನ್ನ ಗಣಿತದ ಸಿಟ್ಟೆಲ್ಲಾ ಅರ್ಧಕ್ಕೆ ಇಳೀತು. ಕಾರಲ್ಲಿ 'ಹೆಂಗಾತು' ಅಂತ ಕೇಳ್ತಿದ್ದ ನಿಮ್ಮಪ್ಪನ ದನಿ ನೆನಪು ಮಾಡ್ಕೊಳ್ಳಿ, ಅಷ್ಟು ದೊಡ್ಡ ಮನುಷ್ಯ, ಸಾವಿರ ಜನ ಚಪ್ಪಾಳೆ ಹೊಡೆದ್ಮೇಲೂ ಹನ್ನೆರಡು ವರ್ಷದ ಹುಡುಗಿ ಹತ್ರ ಸರ್ಟಿಫಿಕೇಟ್ ಕೇಳ್ತಿದ್ರು. ಅವ್ರನ್ನ ಕ್ಷಮಿಸಿ ಅಂತ ಇದನ್ನ ಹೇಳ್ತಿಲ್ಲ, ಕ್ಷಮಿಸೋದು ಬಿಡೋದು ನಿಮಗೆ ಬಿಟ್ಟಿದ್ದು, ಅವ್ರ ಅಳತೆ ಸರಿಯಾಗಿ ತಗೊಳ್ಳಿ ಅಂತ.

ಸರಿ, ಈಗ ಕೆಲ್ಸದ ಮಾತು.

ಅಮೃತ ಮಹೋತ್ಸವದಲ್ಲಿ ಹಾಡ್ಬೇಡಿ. ಬೇರೆ ಯಾರಾದ್ರೂ ಆಗಿದ್ರೆ ಯೋಚ್ನೆ ಮಾಡಿ ಅಂತಿದ್ದೆ, ನಿಮಗೆ ನೇರ ಹೇಳ್ತೀನಿ. ಎಂಟು ವರ್ಷ ಬಿಟ್ಟ ಗಂಟಲು, ಎದುರಿಗೆ ಅಪ್ಪನ ಎಪ್ಪತ್ತೈದು ವರ್ಷದ ಅಭಿಮಾನಿಗಳು, ಮೊದಲ ಸಾಲಲ್ಲಿ ಅಪ್ಪ. ಚೆನ್ನಾಗಿ ಹಾಡಿದ್ರೆ 'ಥೇಟ್ ಅಪ್ಪಾರಂಗ' ಅಂತಾರೆ, ತಪ್ಪಿದ್ರೆ 'ಅಪ್ಪಾರಂಗ ಬರಂಗಿಲ್ಲ ಬಿಡ್ರಿ' ಅಂತಾರೆ, ಎರಡರಲ್ಲೂ ನೀವಿಲ್ಲ. ಕಮಿಟಿಯವ್ರಿಗೆ ಕಾರಣ ಕೊಡೋಕೆ ಹೋಗ್ಬೇಡಿ, ಗಂಟಲು ನೋವು ಅಂತ ಸುಳ್ಳು ಬೇಡ, ಹೇಳಿದ್ರೆ ಡಾಕ್ಟರ್ ಹೆಸರು ಹೇಳ್ತಾರೆ. 'ಈ ಸಲ ಆಗಲ್ಲರೀ, ಎದುರಿಗೆ ಕೂತು ಕೇಳ್ತೀನಿ' ಅಂತ ಹೇಳಿ. ಮತ್ತೆ ನಿಜವಾಗ್ಲೂ ಎದುರಿಗೆ ಕೂತು ಕೇಳಿ. ಲೆಕ್ಕ ಹಾಕಿ ನೋಡಿ, ಅಪ್ಪ ಹಾಡೋವಾಗ ಅವ್ರ ಮುಖ ನೀವು ಎಷ್ಟು ಸಲ ನೋಡಿದೀರ?

ಇದನ್ನ ಅಪ್ಪನಿಗೆ ಮೊದ್ಲು ನೀವೇ ಹೇಳಿ, ಕಮಿಟಿಯವ್ರ ಬಾಯಿಂದ ಅವ್ರಿಗೆ ಗೊತ್ತಾಗ್ಬಾರ್ದು.

ಲೇಖನ ಬರೀರಿ. ಆದ್ರೆ ಎರಡು ಬರೀರಿ. ಮೊದ್ಲು ಯಾರಿಗೂ ತೋರಿಸದ್ದು ಒಂದು, ನೋಟ್‌ಬುಕ್ಕಲ್ಲಿ, ಕೈಯಲ್ಲಿ, ಆ ಎಡಗೈಯಿಂದಲೇ ಶುರು ಮಾಡಿ, ಬಯ್ಯೋದಿದ್ರೆ ಬೈರಿ, ಜಗಲಿ ಇಲ್ಲ ಅಂದ್ನಲ್ಲ, ಸದ್ಯಕ್ಕೆ ಇದೇ ಜಗಲಿ. ಅದಾದ್ಮೇಲೆ ಸಂಚಿಕೆಗೆ ಒಂದು ಪುಟ, ಅದರಲ್ಲಿ ಸುಳ್ಳೂ ಬೇಡ ಸೇಡೂ ಬೇಡ, ಜನಕ್ಕೆ ಗೊತ್ತಿಲ್ಲದ ಒಂದು ಸಣ್ಣ ವಿಷ್ಯ ಬರೀರಿ, ಅಪ್ಪ ಚಹಾ ಹೆಂಗೆ ಕುಡೀತಾರೆ, ಯಾವ ತರಕಾರಿ ಮುಟ್ಟಲ್ಲ. 'ಸಂಗೀತವೇ ಉಸಿರು' ಅಂತೆಲ್ಲಾ ಬರೆಯೋಕೆ ಬೇರೆಯವ್ರು ಇದ್ದೇ ಇರ್ತಾರೆ.

ಮಗಳ ಪಾಠ. ಇಲ್ಲಿ ನಾನು ಬೇಡ ಅಂತ ಹೇಳ್ಲಿ ಅಂತ ನೀವು ನಿರೀಕ್ಷೆ ಮಾಡ್ತಿದೀರ ಅನ್ಸತ್ತೆ, ನಾನು ಕಳ್ಸಿ ಅಂತೀನಿ. ತಾತಂದಿರು ಅಪ್ಪಂದಿರಲ್ಲ, 75ರ ಮನುಷ್ಯ 53ರ ಮನುಷ್ಯನಲ್ಲ, ಆಗ ಅವ್ರಿಗೆ ಪ್ರೋಗ್ರಾಂ ಇತ್ತು, ಶಿಷ್ಯರಿದ್ರು, ಹೆಸರು ಕಟ್ಟೋ ಅವಸರ ಇತ್ತು, ಈಗ ಮಧ್ಯಾಹ್ನ ಪೂರ್ತಿ ಖಾಲಿ ಇದೆ. ಮಗುವಿಗೆ ಆ ಮನೆಯ ಸಂಗೀತ ಸಿಗಲಿ, ಅದು ಅವಳ ಹಕ್ಕೂ ಹೌದು. ಆದ್ರೆ ಹೋಗೋ ಮೊದ್ಲು ಅಪ್ಪನ ಹತ್ರ ಎರಡು ಮಾತು ಮಾಡ್ಕೊಳ್ಳಿ, ಬಂದವ್ರ ಎದುರಿಗೆ 'ಹಾಡಿ ತೋರ್ಸು ಪುಟ್ಟಿ' ಅನ್ನಂಗಿಲ್ಲ, ಅವಳಾಗೇ ಕೇಳೋ ತನಕ ವೇದಿಕೆ ಇಲ್ಲ. ಒಂದು ದಿನ ಅವಳು ಬೇಡ, ಆಟ ಆಡ್ತೀನಿ ಅಂದ್ರೆ ಆವತ್ತು ಪಾಠ ಇಲ್ಲ. ಅಪ್ಪ ಸಿಡಿಮಿಡಿ ಮಾಡ್ತಾರೆ, ಮಾಡ್ಲಿ. ಮಗಳಿಗಾಗಿ ಅವ್ರ ಎದುರು ಈ ಮಾತು ಆಡೋವಾಗ ನಿಮ್ಮ ದನಿ ನಡುಗತ್ತೆ, ಹತ್ತು ವರ್ಷದ ಹುಡುಗಿ ಪರವಾಗಿಯೂ ಮಾತಾಡ್ತಿರ್ತೀರ, ಅದಕ್ಕೆ. ಒಂದು ವಾರ ಜೊತೇಲಿ ಹೋಗಿ ಇರಿ, ಪಾಠದ ರೂಮಲ್ಲಿ ಮಾತ್ರ ಕೂರ್ಬೇಡಿ, ಅಮ್ಮನ ಹತ್ರ ಅಡುಗೆಮನೇಲಿರಿ. ನಿಮ್ಮ ಪತ್ರದಲ್ಲಿ ಅಮ್ಮ ಒಂದು ಕಡೆಯೂ ಬಂದಿಲ್ಲ, ಗಮನಿಸಿದ್ರಾ? ಆ ಮನೇಲಿ ನಿಮಗಿಂತ ಹಿಂದೆ ಕೂತವ್ರು ಅವ್ರೊಬ್ಬರೇ, ಅವ್ರನ್ನ ಮಾತಾಡ್ಸಿ.

ನಿದ್ದೆ ಸಮಸ್ಯೆ ಎರಡು ವಾರಕ್ಕಿಂತ ಜಾಸ್ತಿ ಆಗಿದ್ರೆ ಡಾಕ್ಟರನ್ನ ನೋಡಿ, ಪತ್ರದಲ್ಲಿ ಕೊಡೋ ಸಲಹೆ ಅದಕ್ಕೆ ಸಾಲಲ್ಲ. ರಾತ್ರಿ ಹೊತ್ತು ತೀರಾ ಕಷ್ಟ ಅನ್ಸಿದ್ರೆ ಸರ್ಕಾರದ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಹತ್ರದಲ್ಲಿ ಒಬ್ಬ ಕೌನ್ಸೆಲರ್ ಇಟ್ಕೊಳ್ಳಿ, ಸಾಧ್ಯವಾದ್ರೆ ಸಂಗೀತ ಗೊತ್ತಿಲ್ಲದವ್ರನ್ನ ಹುಡುಕಿ, ನಿಮ್ಮಪ್ಪನ ಹೆಸರು ಕೇಳಿ 'ಓ ಅವ್ರಾ!' ಅನ್ನದವ್ರು.

ಕೊನೇದು ತಂಬೂರಿ. ಓರಗಿತ್ತಿ ಹೇಳಿದ್ದನ್ನ ಪೂರ್ತಿ ಹೇಳಿಲ್ಲ ನಾನು. ಅಪ್ಪ ಕೊಟ್ಟಿದ್ದು ಅವ್ರ ಹಳೇ ತಂಬೂರಿ ಅಂದ್ರೆ ಗಂಡಸರ ತಂಬೂರಿ, ಬುರುಡೆ ದೊಡ್ಡದು, ತಂತಿ ದಪ್ಪ, ಅದನ್ನ ನಿಮ್ಮ ಶ್ರುತಿಗೆ ಏರಿಸೋಕೆ ಹೋದ್ರೆ ತಂತಿ ಕಿತ್ತು ಮುಖಕ್ಕೆ ಬಡಿಯತ್ತೆ ಅಂತ. ಅಂದ್ರೆ ಈ ಎಂಟು ವರ್ಷದಲ್ಲಿ ಯಾವತ್ತಾದ್ರೂ ಮನಸ್ಸು ಮಾಡಿ ಅದನ್ನ ಕೆಳಗಿಳಿಸಿದ್ರೂ ನೀವು ಮತ್ತೆ ಅಪ್ಪನ ಶ್ರುತೀಲೇ ಹಾಡ್ಬೇಕಿತ್ತು, ಇಳಿಸದೇ ಇದ್ದಿದ್ದೇ ಒಳ್ಳೇದಾಯ್ತು. ಅದನ್ನ ಬಟ್ಟೆ ಸಮೇತ ಧಾರವಾಡಕ್ಕೆ ವಾಪಸ್ ತಗೊಂಡು ಹೋಗಿ, ಮಗಳಿಗೆ ಪಾಠ ಹೇಳೋವಾಗ ಅಪ್ಪ ನುಡಿಸ್ಲಿ. ಆಮೇಲೆ ಮೀರಜ್‌ಗೆ ಒಂದು ಫೋನ್ ಮಾಡಿ, ಅಲ್ಲಿ ತಂಬೂರಿ ಮಾಡೋ ಮನೆಗಳು ತಲೆಮಾರುಗಳಿಂದ ಇವೆ, ನಿಮ್ಮಪ್ಪನ್ನ ಬಲ್ಲವ್ರೂ ಇರ್ತಾರೆ, ಹೆಸರು ಹೇಳ್ಬೇಡಿ. ಹೆಂಗಸರ ತಂಬೂರಿ ಒಂದು ಬೇಕಿತ್ತು ಅನ್ನಿ. ಅವ್ರು ಮೊದ್ಲು ಕೇಳೋದೇ ಯಾವ ಶ್ರುತಿಗೆ ಅಂತ, ಅದ್ರ ಮೇಲೆ ತಂತಿ ದಪ್ಪ ನಿರ್ಧಾರ ಆಗತ್ತಂತೆ. ಹಾಗಾಗಿ ಫೋನ್ ಮಾಡೋ ಮೊದ್ಲು ಒಂದು ಭಾನುವಾರ ಗಂಡನ್ನ, ಮಗಳನ್ನ ಪಾರ್ಕಿಗೆ ಕಳ್ಸಿ, ಬಾಗಿಲು ಹಾಕ್ಕೊಂಡು, ಮೊಬೈಲಲ್ಲಿ ತಂಬೂರಿ ಆ್ಯಪ್ ಇದ್ಯಲ್ಲ ಅದನ್ನ ಹಚ್ಚಿ, ಕಪ್ಪು ಒಂದರಿಂದ ಶುರು ಮಾಡಿ ಒಂದೊಂದೇ ಮನೆ ಮೇಲಕ್ಕೆ ಏರಿಸ್ತಾ ಬರೀ ಸಾ ಹೇಳ್ತಾ ಹೋಗಿ, ಗಂಟಲು ಎಲ್ಲಿ ಒದ್ದಾಡದೆ ಕೂರತ್ತೋ ಅದನ್ನ ಒಂದು ಚೀಟೀಲಿ ಬರ್ಕೊಳ್ಳಿ. ಮೀರಜ್‌ನವ್ರು ಕೇಳಿದಾಗ ನೋಡ್ಕೊಂಡು ಹೇಳೋಕೆ.